ನವಿಲುಗರಿ ತಟ್ಟೆ, ಸಿರಸಿಯ ಮಣ್ಣಿನಲ್ಲಿ

ಮಯೋಲಿಕಾ ಅಂದರೆ ಬಿಳಿ ಹೊಳಪಿನ ಮೇಲೆ ಬಣ್ಣದ ಚಿತ್ರ ಬರೆದು ಸುಡುವ ಇಟಲಿಯ ಮಣ್ಣಿನ ಪಾತ್ರೆ ಕೆಲಸ. ಅದನ್ನು ಕಲಿಯಲು ಯಾರೇ ಬರಲಿ, ಮೊದಲು ಸೋಪು ಹಾಕಿ ಕೈ ತೊಳೆದುಬರಲು ಹೇಳುತ್ತೇನೆ. ನನ್ನ ಮೊದಲ ತಟ್ಟೆ ಹಾಳಾಗಿದ್ದೇ ಕೊಬ್ಬರಿ ಎಣ್ಣೆಯಿಂದ. ತಲೆಗೆ ಹಚ್ಚಿದ ಕೈಯಲ್ಲೇ ಹಿಡಿದಿದ್ದೆ. ಎಣ್ಣೆ ತಾಗಿದಲ್ಲಿ ಗ್ಲೇಜ್, ಅಂದರೆ ಸುಟ್ಟಾಗ ಗಾಜಿನಂತಾಗುವ ಲೇಪ, ನಿಲ್ಲಲಿಲ್ಲ. ಸುಡುವ ಗೂಡಿನಿಂದ ತೆಗೆದರೆ ಅಂಚಿನಲ್ಲಿ ಹೆಬ್ಬೆಟ್ಟಿನಷ್ಟು ಕೆಂಪು ಮಣ್ಣು!

ಹಸಿ ಮಣ್ಣಿನಲ್ಲಿ ಮಾಡಿದ ತಟ್ಟೆ ಪೂರ್ತಿ ಒಣಗಬೇಕು. ನಮ್ಮ ಮಳೆಗಾಲದಲ್ಲಿ ನಾನು ಎರಡು ವಾರ ಬಿಡುತ್ತೇನೆ. ಕೆನ್ನೆಗೆ ತಾಗಿಸಿ ನೋಡಿ. ತಣ್ಣಗಿದ್ದರೆ ಒಳಗೆ ಇನ್ನೂ ನೀರಿದೆ. ಆಮೇಲೆ ಸುಮಾರು 1000 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಮ್ಮೆ ಸುಡಿ.

ಮಯೋಲಿಕಾದ ಬಿಳುಪು ಬರುವುದು ಗ್ಲೇಜಿಗೆ ಬೆರೆಸಿದ ತವರದ ಆಕ್ಸೈಡಿನಿಂದ. ಹಿಂದೆ ಸೀಸವನ್ನೂ ಹಾಕುತ್ತಿದ್ದರು. ನೀವು ಸೀಸವಿಲ್ಲದ್ದನ್ನೇ ಕೊಳ್ಳಿ, ಊಟದ ತಟ್ಟೆ ಅಲ್ವಾ. ಗ್ಲೇಜನ್ನು ತೆಳ್ಳೇವು, ಅಂದರೆ ನಮ್ಮ ಕಡೆಯ ತೆಳು ದೋಸೆ, ಹಿಟ್ಟಿನ ಹದಕ್ಕೆ ಕಲಸಿ, ತಟ್ಟೆಯನ್ನು ಮೂರು ಎಣಿಸುವಷ್ಟು ಹೊತ್ತು ಅದ್ದಿ ಎತ್ತಿ. ತಳ ಒರೆಸಿ, ಇಲ್ಲದಿದ್ದರೆ ಗೂಡಿಗೆ ಅಂಟುತ್ತದೆ.

ಈಗ ಚಿತ್ರ. ನಾನು ಬರೆಯುವುದು ಇಟಲಿಯ ಫಾಯೆಂಜಾ ಊರಿನ ಹಳೆಯ ನವಿಲುಗರಿ ವಿನ್ಯಾಸ, 15ನೇ ಶತಮಾನದ್ದು. ಆ ಊರಲ್ಲಿ 1908ರಲ್ಲಿ ಗಾಯೆತಾನೊ ಬಲ್ಲಾರ್ದಿನಿ ಸೆರಾಮಿಕ್ ಮ್ಯೂಸಿಯಂ ಶುರು ಮಾಡಿದರು. 1944ರ ಬಾಂಬಿಗೆ ಬಹಳಷ್ಟು ಚೂರಾಯಿತು. ಅದನ್ನು ಮತ್ತೆ ಕಟ್ಟಿದರು. ಗರಿಯ ಕಣ್ಣು ಬರೆಯುವಾಗಲೆಲ್ಲ ನನಗೆ ಅದು ನೆನಪಾಗುತ್ತದೆ.

ಕಾಗದದಲ್ಲಿ ಗರಿ ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ತೂತು ಮಾಡಿ. ತಟ್ಟೆಯ ಮೇಲಿಟ್ಟು, ಬಟ್ಟೆಯಲ್ಲಿ ಕಟ್ಟಿದ ಇದ್ದಿಲ ಪುಡಿಯನ್ನು ಮೆಲ್ಲಗೆ ತಟ್ಟಿ. ಇಟಲಿಯವರು ಇದಕ್ಕೆ ಸ್ಪೋಲ್ವೆರೊ ಅನ್ನುತ್ತಾರೆ. ತೂತಿನ ತಟ್ಟೆಯಲ್ಲಿ ರಂಗೋಲಿ ಹಾಕಿದವರಿಗೆ ಹೇಳಿಕೊಡಬೇಕಾಗಿಲ್ಲ. ಚುಕ್ಕಿಗಳು ಬೆಂಕಿಯಲ್ಲಿ ಉರಿದುಹೋಗುತ್ತವೆ.

ಕಷ್ಟ ಇರುವುದು ಗೆರೆಯಲ್ಲಿ. ಸುಡದ ಗ್ಲೇಜ್ ಸುಣ್ಣದ ಗೋಡೆಯ ಹಾಗೆ ನೀರು ಹೀರುತ್ತದೆ. ಕುಂಚ ಒಂದು ಕ್ಷಣ ನಿಂತರೂ ಅಲ್ಲೇ ಕಲೆ. ಒರೆಸಲು ಹೋದರೆ ಬಿಳುಪೂ ಎದ್ದು ಬರುತ್ತದೆ. ನಾನು ಕೈ ತಿದ್ದಿಕೊಂಡದ್ದು ನಮ್ಮ ಕಡೆಯ ದೀವರ ಹೆಂಗಸರು ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುವುದನ್ನು ನೋಡಿ. ಪುಂಡಿ ನಾರಿನ ಕುಂಚವನ್ನು ಅಕ್ಕಿ ಹಿಟ್ಟಿನಲ್ಲಿ ಅದ್ದಿ, ಉಸಿರು ಹಿಡಿದು ಎಳೆದುಬಿಡುತ್ತಾರೆ. ಮಣಿಕಟ್ಟು ಅಲುಗುವುದಿಲ್ಲ, ತೋಳು ಓಡುತ್ತದೆ. ನೀವೂ ಹಾಗೇ ಎಳೆಯಿರಿ. ಮೊದಲು ಹಳೆಯ ಪೇಪರ್ ಮೇಲೆ ನೂರು ಗೆರೆ ಹಾಕಿ, ಜಾಸ್ತಿ ಆದರೂ ನಷ್ಟವಿಲ್ಲ.

ಕೋಬಾಲ್ಟ್ ಆಕ್ಸೈಡ್ ಬಳಿಯುವಾಗ ಕಪ್ಪು, ಸುಟ್ಟ ಮೇಲೆ ನೀಲಿ. ತಾಮ್ರದಿಂದ ಹಸಿರು, ಮ್ಯಾಂಗನೀಸಿನಿಂದ ಕಂದು ನೇರಳೆ. ಪುಡಿ ಕಲಸುವಾಗ ಮಾಸ್ಕ್ ಇರಲಿ.

ಎರಡನೇ ಸಲ ಗ್ಲೇಜ್ ಚೀಲದ ಮೇಲೆ ಬರೆದಷ್ಟೇ ಶಾಖ ಕೊಡಿ. ಬೆಳಿಗ್ಗೆ ಹಚ್ಚಿದ ಗೂಡನ್ನು ನಾನು ಮರುದಿನ ಬೆಳಿಗ್ಗೆ ಚಹಾ ಕುಡಿದಾದ ಮೇಲೆಯೇ ತೆಗೆಯುವುದು. ಬಿಸಿಯಿರುವಾಗ ತೆಗೆದರೆ ತಟ್ಟೆ ಟಣ್ ಅಂತ ಬಿರಿಯುತ್ತದೆ.