ಕಿವಿಯಲ್ಲೇ ತೆಗೆದ 24 ಬಾರ್: ನನ್ನ ಅನುಭವ

ಮೈಲ್ಸ್ ಡೇವಿಸ್‌ರ ಜಾಝ್ ಟ್ರ್ಯಾಕ್ ‘ಫ್ರೆಡ್ಡಿ ಫ್ರೀಲೋಡರ್’ನಲ್ಲಿ ಪಿಯಾನೋ ವಾದಕ ವಿಂಟನ್ ಕೆಲ್ಲಿ ಬಾರಿಸಿದ ಸೋಲೋದ ಮೊದಲ ಎರಡು ಕೋರಸ್ (ಹನ್ನೆರಡು ಬಾರ್‌ನ ಒಂದು ಸುತ್ತು), ಒಟ್ಟು 24 ಬಾರ್ (ತಾಳದ ಒಂದೊಂದು ಆವರ್ತ), ಈಗ ರೆಕಾರ್ಡಿನ ಜೊತೆಗೆ ಅದೇ ಓಟದಲ್ಲಿ ನನ್ನ ಕೈಯಲ್ಲಿ ಬರುತ್ತದೆ. ಒಂದು ನೋಟೇಶನ್ ಹಾಳೆಯನ್ನೂ ನೋಡದೆ ತೆಗೆದಿದ್ದು. ಹನ್ನೊಂದು ತಿಂಗಳು ಹಿಡಿಯಿತು. “ಜಾಝ್ ಅಂದ್ರ ಬುಕ್ ಓದಬೇಕಪ, ಸಿನಿಮಾ ಹಾಡಿನಂಗ ಕಿವಿಲಿ ನೋಟ್ಸ್ ತೆಗೆಯಾಕ ಬರಂಗಿಲ್ಲ” ಅಂತ ನಮ್ಮ ಆರ್ಕೆಸ್ಟ್ರಾದ ಗಿಟಾರ್ ಅಣ್ಣ ಹೇಳಿದ್ದು ಬಳ್ಳಾರಿಯ ಕೌಲ್ ಬಜಾರಿನ ರಿಹರ್ಸಲ್ ಕೋಣೆಯಲ್ಲಿ, ಎಲ್ಲರ ಮುಂದೆ. ಆ ಮಾತು ಹೊಟ್ಟೆಯಲ್ಲೇ ಉಳಿದಿತ್ತು.

ಮೊದಲು ದುಡ್ಡು ಕಳೆದೆ. ಆನ್‌ಲೈನ್ ಕೋರ್ಸ್ ಒಂದಕ್ಕೆ ಸುಮಾರು 14 ಸಾವಿರ. ಸ್ಕೇಲ್ ಹೆಸರುಗಳೆಲ್ಲ ಬಾಯಿಪಾಠವಾದವು, ಸ್ವಿಂಗ್, ಅಂದರೆ ಜಾಝ್‌ನ ಆ ತೂಗುವ ಲಯ, ಮಾತ್ರ ಬರಲಿಲ್ಲ. ಮದುವೆ ಸೀಸನ್ನಿನ ದುಡ್ಡು ಕೂಡಿಟ್ಟು 26 ಸಾವಿರಕ್ಕೆ ಹಳೆಯ 88 ಕೀಗಳ ಕೀಬೋರ್ಡ್ ತಗೊಂಡೆ. ಅದೊಂದೇ ದಂಡವಾಗದ ಖರ್ಚು.

ಇನ್ನೊಂದು ತಪ್ಪು, ಇನ್ನೊಬ್ಬ ಪಿಯಾನೋ ವಾದಕ ಬಿಲ್ ಇವಾನ್ಸ್‌ನಿಂದ ಶುರು ಮಾಡಿದ್ದು. ಈ ಟ್ರ್ಯಾಕ್ ಇರುವ 1959ರ ಆಲ್ಬಮ್ ‘ಕೈಂಡ್ ಆಫ್ ಬ್ಲೂ’ನಲ್ಲಿ ಕೆಲ್ಲಿ ಇರುವುದು ಇದೊಂದೇ ಟ್ರ್ಯಾಕ್‌ನಲ್ಲಿ, ಉಳಿದದ್ದೆಲ್ಲ ಇವಾನ್ಸ್. ಅವರ ಕಾರ್ಡ್‌ನಲ್ಲಿ (ಒಟ್ಟಿಗೆ ಒತ್ತುವ ಸುರಗಳ ಗುಂಪಿನಲ್ಲಿ) ಸುರಗಳು ಒಂದರ ಮೈಗೊಂದು ಅಂಟಿಕೊಂಡಿರುತ್ತವೆ, ಹೊಸ ಕಿವಿಗೆ ಬಿಡಿಸಲಾಗದು. ಕೆಲ್ಲಿ ಮಾತಾಡಿದಂತೆ ಬಾರಿಸುತ್ತಾರೆ. ಮಾತು ಹಿಡಿಯಬಹುದು.

ಕೆಲ್ಲಿಗೆ ಬಂದ ಮೇಲೂ ನಾಲ್ಕು ತಿಂಗಳು ಹಾಳಾದವು. ನನ್ನ ಹತ್ತಿರ ಇದ್ದದ್ದು ಯಾರೋ ಕ್ಯಾಸೆಟ್‌ನಿಂದ ಇಳಿಸಿದ ಹಳೆಯ ಫೈಲ್. ಕರಿ ಐದು (ಬಿ ಫ್ಲ್ಯಾಟ್, ಈ ಟ್ರ್ಯಾಕ್‌ನ ಷಡ್ಜ) ಹಿಡಿದರೆ ಪಿಯಾನೋ ಸ್ವಲ್ಪ ಮೇಲೆ, ಮುಂದಿನ ಬಿಳಿ ಹಿಡಿದರೆ ಕೆಳಗೆ. ಕೀಬೋರ್ಡ್ ಕೆಟ್ಟಿದೆ ಅಂದುಕೊಂಡು ರಿಪೇರಿಗೆ ಒಯ್ದೆ. 1,800 ತಗೊಂಡು ಹಾಗೇ ವಾಪಸ್ ಕೊಟ್ಟರು. ಆಮೇಲೆ ಗೊತ್ತಾಯಿತು: ರೆಕಾರ್ಡಿಂಗ್ ದಿನ ನ್ಯೂಯಾರ್ಕಿನ ಸ್ಟುಡಿಯೋದಲ್ಲಿ ಟೇಪ್ ಮೆಷಿನ್ ನಿಧಾನ ಓಡಿತ್ತು, ಹಾಗಾಗಿ ರೆಕಾರ್ಡಿನ ಮೊದಲ ಬದಿ ಪೂರ್ತಿ ಸುರಕ್ಕಿಂತ ಮೇಲೆ ಕೇಳುತ್ತಿತ್ತು. 1990ರ ದಶಕದ ಸಿಡಿಗಳಲ್ಲಷ್ಟೇ ಸರಿಮಾಡಿದರು. ಹೊಸ ಫೈಲ್ ಹಾಕಿದ ಕೂಡಲೇ ಕರಿ ಐದು ಕೂತುಬಿಟ್ಟಿತು. ನನ್ನ ಕಿವಿ ನಾಲ್ಕು ತಿಂಗಳೂ ಸರಿಯಾಗೇ ಇತ್ತು! ಅದು ತಿಳಿದ ದಿನ ಊಟ ಸೇರಲಿಲ್ಲ, ಅಷ್ಟು ಖುಷಿ.

ಆಮೇಲೆ ಕೀ ಮುಟ್ಟುವುದನ್ನೇ ಬಿಟ್ಟೆ. ನಾಟಕ ಕಂಪನಿಯಲ್ಲಿ ಪೇಟಿ ಮಾಸ್ತರರಾಗಿದ್ದ ನಮ್ಮ ಸೋದರಮಾವ ಹೇಳುತ್ತಿದ್ದರು, “ಬಾಯಿಗೆ ಬಂದದ್ದು ಕೈಗೆ ಬರತದಲೇ.” ಅಮೆರಿಕದ ಜಾಝ್ ಪಿಯಾನೋ ಗುರು ಲೆನ್ನಿ ಟ್ರಿಸ್ಟಾನೋ ಕೂಡ ಶಿಷ್ಯರಿಗೆ ಸ್ಯಾಕ್ಸೊಫೋನ್ ವಾದಕ ಲೆಸ್ಟರ್ ಯಂಗ್‌ರ ಸೋಲೋಗಳನ್ನು ಮೊದಲು ಹಾಡಿಸುತ್ತಿದ್ದರಂತೆ. ಜೀನ್ಸ್ ಯೂನಿಟ್ಟಿನ ಲೆಕ್ಕ ಬರೆಯುವ ಕೆಲಸಕ್ಕೆ ಹೋಗುವಾಗ ಬೈಕ್ ಮೇಲೆ ನಾಲ್ಕೇ ಬಾರ್ ಹಾಡಿಕೊಂಡೆ, ವಾರಕ್ಕೆ ನಾಲ್ಕು ಬಾರ್. ಉಸಿರು ಎಲ್ಲಿ ತಗೋಬೇಕು ಅಂತ ಹಾಡುವಾಗ ಗೊತ್ತಾಗುತ್ತದೆ. ಸ್ವಿಂಗ್ ಬಂದದ್ದು ಅಲ್ಲಿಂದ.

ಎಡಗೈ ಬೇರೆಯೇ ಕಥೆ. ಬೆಳಗಿನ ನಾಲ್ಕೂವರೆಗೆ ಫ್ಯಾನ್ ಆರಿಸಿ ಕೂರುತ್ತಿದ್ದೆ. ನಮ್ಮೂರ ಏಪ್ರಿಲ್‌ನಲ್ಲಿ ಫ್ಯಾನಿಲ್ಲದೆ ಅರ್ಧ ಗಂಟೆ ಅಂದರೆ ಬನಿಯನ್ ಹಿಂಡಬೇಕು, ಆದರೆ ಫ್ಯಾನಿನ ಗುಂಯ್‌ನಲ್ಲಿ ಕೆಳಗಿನ ಸುರ ಮುಳುಗುತ್ತದೆ. ಇಡೀ ಕಾರ್ಡ್ ಹುಡುಕಬೇಡಿ, ಗಾಂಧಾರ ನಿಷಾದ ಎರಡನ್ನೇ ಹುಡುಕಿ. ಬಿ ಫ್ಲ್ಯಾಟ್ ಸೆವೆನ್ ಎಂಬ ಕಾರ್ಡ್‌ನಲ್ಲಿ ಎ ಫ್ಲ್ಯಾಟ್ ಮತ್ತು ಡಿ. ಇ ಫ್ಲ್ಯಾಟ್ ಸೆವೆನ್ ಬಂದಾಗ ಎರಡೂ ಬೆರಳು ಅರ್ಧ ಸುರ ಕೆಳಗಿಳಿಯುತ್ತವೆ, ಅಷ್ಟೇ. ಒಂಬತ್ತನೇ ಬಾರ್‌ನ ಎಫ್ ಸೆವೆನ್‌ನಿಂದ ಹತ್ತಕ್ಕೆ ಬರುವಾಗ ಒಂದು ಸುರ, ಅಲ್ಲಿಂದ ಕೊನೆಯ ಎರಡು ಬಾರ್‌ನ ಎ ಫ್ಲ್ಯಾಟ್ ಸೆವೆನ್‌ಗೆ ಮತ್ತೆ ಅರ್ಧ. ಬೇರೆ ಬ್ಲೂಸ್‌ನಲ್ಲಿ (ಇಂಥದೇ ಹನ್ನೆರಡು ಬಾರ್‌ನ ಚೌಕಟ್ಟು) ಮನೆಗೆ, ಅಂದರೆ ಷಡ್ಜದ ಕಾರ್ಡ್‌ಗೆ, ಮರಳುವ ಜಾಗದಲ್ಲಿ ಇದು ಕರಿ ನಾಲ್ಕಕ್ಕೆ, ಆ ಎ ಫ್ಲ್ಯಾಟ್‌ಗೆ, ಇಳಿದು ನಿಲ್ಲುತ್ತದೆ. ಬೇಸ್ ಕೇಳದಿದ್ದರೆ ಆಡಾಸಿಟಿ ಎಂಬ ಆಡಿಯೋ ಸಾಫ್ಟ್‌ವೇರ್‌ನಲ್ಲಿ ಸ್ಪೀಡ್ ದುಪ್ಪಟ್ಟು ಮಾಡಿ, ಒಂದು ಸಪ್ತಕ ಮೇಲೇರಿ ಫೋನಿನಲ್ಲೂ ಕೇಳುತ್ತದೆ. ಬಲಗೈಯ ಒತ್ತುಸುರ (ಮುಖ್ಯ ಸುರಕ್ಕೆ ತಾಗಿ ಬರುವ ಚಿಕ್ಕ ಸುರ) ಬಿಡಿಸುವ ನನ್ನ ಉಪಾಯವನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ಅದಕ್ಕೆ ಬೆವರು ಜಾಸ್ತಿ ಸುರಿಸಿದ್ದೇನೆ.

ನಡುವೆ ಜೋಗ್ ರಾಗ ಇದೇ ಬ್ಲೂಸ್ ಮೇಲೆ ಬಾರಿಸಿ ನೋಡಿದೆ. ಎರಡೂ ಗಾಂಧಾರ, ಕೋಮಲ ನಿಷಾದ ಇರುವುದರಿಂದ ಮೊದಲ ನಾಲ್ಕು ಬಾರ್ ಸೊಗಸಾಗಿ ಕೂರುತ್ತದೆ, ಇ ಫ್ಲ್ಯಾಟ್ ಸೆವೆನ್ ಬರುವ ಐದನೇ ಬಾರ್‌ನಲ್ಲಿ ಶುದ್ಧ ಗಾಂಧಾರ ಚುಚ್ಚುತ್ತದೆ. ರಾಯಚೂರಿನ ಸಿದ್ಧರಾಮ ಜಂಬಲದಿನ್ನಿಯವರ ವಚನಗಾಯನವನ್ನೂ ನಿಧಾನ ಮಾಡಿ ತೆಗೆಯಲು ಹೋದೆ. ಸುರದಿಂದ ಸುರಕ್ಕೆ ಜಾರುವ ಆ ಮೀಂಡ್ ಯಾವ ಕೀಗೂ ಸಿಗಲಿಲ್ಲ. ಮೂರು ದಿನಕ್ಕೆ ಕೈಮುಗಿದು ಬಿಟ್ಟೆ.

ಕಳೆದ ತಿಂಗಳು ಅದೇ ಕೋಣೆಯಲ್ಲಿ 24 ಬಾರ್ ನಿಲ್ಲದೆ ಬಾರಿಸಿದೆ. ಗಿಟಾರ್ ಅಣ್ಣ ಎರಡನೇ ಕೋರಸ್‌ಗೆ ಗಿಟಾರ್ ಎತ್ತಿಕೊಂಡು ಕಾರ್ಡ್ ಹಿಡಿದರು, ಹನ್ನೊಂದನೇ ಬಾರ್‌ನಲ್ಲಿ ಬಿ ಫ್ಲ್ಯಾಟ್‌ಗೆ ಹೋದರು. “ಅಣ್ಣ, ಅಲ್ಲಿ ಕರಿ ನಾಲ್ಕು” ಅಂದೆ. ಇನ್ನೊಮ್ಮೆ ಬಾರಿಸು ಅಂದರು.