ಹೊಲಿಗೆ ಮಿಷನ್ ಇಲ್ದೆ ಪಂಚೆ, ಸೀರೆಯಲ್ಲೇ ಕರ್ಟನ್ ಮಾಡ್ಕೊಂಡಿದ್ದು

ಕರ್ಟನ್‌ಗೆ ಹೊಲಿಗೆ ಯಾಕೆ ಬೇಕು ಅಂತ ಒಂದ್ಸಲ ಯೋಚನೆ ಮಾಡಿ ನೋಡಿ. ಕತ್ತರಿಸಿದ ಬಟ್ಟೆ ತುದಿಯಲ್ಲಿ ನೂಲು ಬಿಡುತ್ತೆ, ಅದನ್ನ ಮಡಚಿ ಹೊಲೀಬೇಕು, ಆಮೇಲೆ ಮೇಲ್ಗಡೆ ರಾಡ್ ತೂರ್ಸೋಕೆ ಒಂದು ಜಾಗ ಬೇಕು, ಇಷ್ಟೇ ಇರೋದು. ರಾಡ್‌ಗೆ ಕ್ಲಿಪ್ ರಿಂಗ್ (ಬಟ್ಟೆ ಕಚ್ಚಿ ಹಿಡಿಯೋ ಕ್ಲಿಪ್ ಇರೋ ಬಳೆ) ಹಾಕಿದ್ರೆ ತೂರ್ಸೋ ಮಾತೇ ಇಲ್ಲ. ಇನ್ನು ನೂಲು ಬಿಡೋ ವಿಷಯ, ಅಂಚು ಇರೋ ಬಟ್ಟೆನೇ ತಗೊಂಡ್ರೆ ಅರ್ಧ ಕೆಲಸ ಮಗ್ಗದ ಮೇಲೇ ಮುಗಿದಿರುತ್ತೆ. ಪಂಚೆಗೆ ಎರಡೂ ಕಡೆ ಅಂಚಿದೆ, ಸೀರೆಗಿದೆ, ಲುಂಗಿಗೂ ಇದೆ. ನಾನು ಮನೆಯ ಕಿಟಕಿಗಳಿಗೆಲ್ಲ ಇದೇ ಲೆಕ್ಕದಲ್ಲಿ ಕರ್ಟನ್ ಮಾಡಿದ್ದು, ಮಳೆಗಾಲಾನೂ ತಡ್ಕೊಂಡು ಚೆನ್ನಾಗಿವೆ, ಅದಕ್ಕೇ ಪೂರ್ತಿ ಬರೀತಿದೀನಿ.

ನಮ್ದು ಸಾಗರದ ಕಡೆ ಹಳ್ಳಿ, ಹಳೇ ಹಂಚಿನ ಮನೆ, ಮಣ್ಣಿನ ದಪ್ಪ ಗೋಡೆ, ಮರದ ಸರಳಿನ ಕಿಟಕಿಗಳು. ರೆಡಿಮೇಡ್ ಕರ್ಟನ್ ನೋಡೋಣ ಅಂತ ಶಿವಮೊಗ್ಗಕ್ಕೆ ಹೋದಾಗ ಗಾಂಧಿ ಬಜಾರಲ್ಲಿ ವಿಚಾರಿಸಿದ್ದೆ. ಬಟ್ಟೆ, ಪೈಪು, ಬ್ರಾಕೆಟ್ ಎಲ್ಲ ಸೇರಿ ಒಂದು ಕಿಟಕಿಗೇ ಸಾವಿರದ ಹತ್ರ ಬರ್ತಿತ್ತು, ಅದೂ ರೆಡಿಮೇಡ್ ಅಳತೆ ಏನಿದ್ರೂ ಪೇಟೆ ಮನೆಯ 5 ಅಡಿ, 7 ಅಡಿ ಉದ್ದದ್ದು, ನಮ್ಮ ಗಿಡ್ಡ ಕಿಟಕಿಗೆ ತಂದ್ರೆ ಮತ್ತೆ ಕತ್ತರಿಸಿ ಹೊಲಿಸ್ಬೇಕು. ಮನೆಗೆ ಬಂದು ಅತ್ತೆ ಹತ್ರ ಹೇಳ್ತಿದ್ದಾಗ ಅವ್ರು ಪೆಟ್ಟಿಗೆಯಿಂದ ಮಾವನೋರ ಒಂದು ಒಂಟಿ ಪಂಚೆ ತೆಗೆದು ಕಿಟಕಿಗೆ ಅಡ್ಡ ಹಿಡಿದು, "ಉದ್ದಕ್ಕೆ ಅಲ್ಲ ಮಾರಾಯ್ತಿ, ಅಡ್ಡಕ್ಕೆ ಕಟ್ಟು, ಅಂಚು ಕೆಳಗೆ ಬರತ್ತೆ, ಸೀರೆ ಉಟ್ಟಂಗೆ ಕಾಣತ್ತೆ" ಅಂದ್ರು. "ಇದನ್ನ ತಗೊಂಡುಬಿಡ್ಲಾ ಅತ್ತೆ?" ಅಂದೆ. "ಇನ್ನೇನು ಮಾಡೋದಿದೆ ಅದ್ರಲ್ಲಿ, ತಗೋ."

ಆ ಅಡ್ಡ ಕಟ್ಟೋದ್ರಲ್ಲೇ ಎಲ್ಲ ಇರೋದು. ಒಂಟಿ ಪಂಚೆ ಸುಮಾರು 2 ಮೀಟರ್ ಉದ್ದ, ಅಂದ್ರೆ 78 ಇಂಚು, ಅಗಲ 50 ಇಂಚು. ಅಡ್ಡ ಹಿಡಿದಾಗ 50 ಇಂಚು ಎತ್ತರ ಆಗುತ್ತೆ, 78 ಇಂಚು ಅಗಲ. ನಮ್ಮ ಕಿಟಕಿ ಮೂರೂವರೆ ಅಡಿ ಎತ್ತರ, ಮೂರಡಿ ಅಗಲ. ರಾಡನ್ನ ಕಿಟಕಿಗಿಂತ 4 ಇಂಚು ಮೇಲೆ, ಎರಡೂ ಪಕ್ಕ ಒಂದರ್ಧ ಅಡಿ ಹೊರಗೆ ಬರೋ ಹಾಗೆ ಹಾಕಿದ್ರೆ ರಾಡು 4 ಅಡಿ, ಅಂದ್ರೆ 48 ಇಂಚು. ನೆರಿಗೆ ಚೆನ್ನಾಗಿ ಬೀಳ್ಬೇಕು ಅಂದ್ರೆ ರಾಡಿನ ಒಂದೂವರೆಯಿಂದ ಎರಡು ಪಟ್ಟು ಬಟ್ಟೆ ಬೇಕು, 78 ಇಂಚು ಸರಿಯಾಗಿ ಸಾಕಾಗುತ್ತೆ. ಮೇಲೆ ಕ್ಲಿಪ್ಪಿಗೆ ಅಂತ ಎರಡಿಂಚು ಮಡಚಿದ್ರೂ ಕೆಳಗೆ ಎರಡಿಂಚು ಕಿಟಕಿ ದಾಟಿ ಇಳಿಯುತ್ತೆ. ಒಂದು ಪಂಚೆ ಒಂದು ಕಿಟಕಿ, ಕತ್ತರಿ ಮುಟ್ಟೋದೇ ಬೇಡ. ಮೇಲೂ ಕೆಳಗೂ ನೇಯ್ದಿರೋ ಅಂಚೇ ಇರುತ್ತೆ, ನೋಡ್ಕೊಬೇಕಾಗಿರೋದು ಪಕ್ಕದ ಎರಡು ತುದಿ ಮಾತ್ರ, ಪಕ್ಕದ ತುದಿ ಮೇಲೆ ಭಾರಾನೇ ಬೀಳಲ್ಲ, ಹಾಗಾಗಿ ಅಲ್ಲಿ ಇಸ್ತ್ರಿ ಬಿಸಿಗೆ ಅಂಟೋ ಟೇಪಲ್ಲಿ ಅಂಟಿಸಿದ್ದು ಬಿಟ್ಕೊಳೋದು ಅಪರೂಪ.

ಸೀರೆದೂ ಇದೇ ಲೆಕ್ಕ. ಐದೂವರೆ ಮೀಟರ್ ಸೀರೆ ಅಂದ್ರೆ 18 ಅಡಿ, ಅಗಲ 45 ಇಂಚಿನ ಆಸುಪಾಸು, ಪಂಚೆಗಿಂತ ಗಿಡ್ಡ, ಹಾಗಾಗಿ ರಾಡನ್ನ 4 ಇಂಚು ಮೇಲೆ ಹಾಕೋ ಬದ್ಲು ಕಿಟಕಿ ಮೇಲ್ತುದಿಗೇ ಹಾಕಿ. ಮೂರು ತುಂಡು ಮಾಡಿದ್ರೆ 6 ಅಡಿಯ ಮೂರು ಕರ್ಟನ್. ಒಂದು ತುಂಡಿಗೆ ಸೆರಗು ಬರುತ್ತೆ, ಅದನ್ನ ಜಗಲಿ ಕಡೆ ಕಿಟಕಿಗೆ ಇಟ್ಕೊಳಿ, ಬಂದವ್ರಿಗೆ ಮೊದ್ಲು ಕಾಣೋದು ಅದೇ. ಫಾಲ್ ಹಾಕಿದ್ರೆ ಬಿಚ್ಚಬೇಡಿ, ಕೆಳಗೆ ಸ್ವಲ್ಪ ತೂಕ ಇದ್ರೆ ಗಾಳಿಗೆ ಹಾರಾಡೋದು ಕಡಿಮೆ. ಬಾಗಿಲಿಗಾದ್ರೆ ಸೀರೆಯನ್ನ ನಡುವೆ ಕತ್ತರಿಸಿ ಎರಡು ಭಾಗ ಮಾಡಿ ಉದ್ದಕ್ಕೇ ಕಟ್ಟಿ, ಒಂದೊಂದೂ 9 ಅಡಿ ಬರುತ್ತೆ, ಮೇಲಿನ ಎರಡಡಿಯನ್ನ ಮುಂದಕ್ಕೆ ಮಡಚಿ ಇಳಿಬಿಟ್ರೆ ಅದೇ ಒಂದು ಝಾಲರಿ ಥರ ಆಗುತ್ತೆ.

ಕಾಟನ್ನೇ ಬೇಕಾ ಅಂದ್ರೆ, ಬೆಳಕಿಗೆ ಗಾಳಿಗೆ ನಂಗೆ ಕಾಟನ್ನೇ ಇಷ್ಟ, ಬೆಳಿಗ್ಗೆ ತೆಳು ಪಂಚೆಯಿಂದ ಬರೋ ಬೆಳಕಿನ ಹಾಗೆ ಯಾವ ಪಾಲಿಯೆಸ್ಟರಲ್ಲೂ ಬರಲ್ಲ. ಆದ್ರೆ ಇರ್ಚಲು ಹೊಡಿಯೋ ಕಡೆಯ ಕಿಟಕಿಗೆ ಮಾತ್ರ ಸಿಂಥೆಟಿಕ್ ಸೀರೆನೇ ಒಳ್ಳೇದು, ನೀರು ಹೀರಲ್ಲ, ಬೇಗ ಒಣಗುತ್ತೆ. ಯಾವ್ದು ಕಾಟನ್ ಯಾವ್ದು ಮಿಕ್ಸ್ ಅಂತ ಗೊತ್ತಾಗದಿದ್ರೆ ತುದಿಯಿಂದ ಒಂದೆಳೆ ಕಿತ್ತು ಬೆಂಕಿಗೆ ಹಿಡೀರಿ, ಕಾಟನ್ ಕಾಗದದ ವಾಸನೆ ಬಂದು ಬೂದಿ ಆಗುತ್ತೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡು ಆಗುತ್ತೆ. ಇದು ಇಸ್ತ್ರಿಗೆ ಮುಂಚೆ ಗೊತ್ತಿರ್ಬೇಕು. ಅಡುಗೆಮನೆಯಲ್ಲಿ ಒಲೆ ಹತ್ರದ ಕಿಟಕಿಗೆ ನಾನು ಯಾವ ಬಟ್ಟೆನೂ ಹಾಕಿಲ್ಲ, ನೀವೂ ಹಾಕ್ಬೇಡಿ.

ಹೊಸ ಬಟ್ಟೆ ಆದ್ರೆ ಮೊದ್ಲು ಒಗೀರಿ. ಹೊಸ ಕಾಟನ್ ಒಗೆದ್ಮೇಲೆ ಸ್ವಲ್ಪ ಕುಗ್ಗುತ್ತೆ, ಅಳತೆ ಮಾಡಿ ಅಂಟಿಸಿದ್ಮೇಲೆ ಕುಗ್ಗಿದ್ರೆ ಕಿಟಕಿ ಕೆಳಗೆ ಬರಿದಾಗಿ ಕಾಣುತ್ತೆ. ಜೊತೆಗೆ ಹೊಸ ಪಂಚೆಯಲ್ಲಿ ಗಂಜಿ ಇರುತ್ತಲ್ಲ, ಗಂಜಿ ಇದ್ರೆ ಟೇಪ್ ಹಿಡಿಯಲ್ಲ. ಬಿಸಿನೀರಲ್ಲಿ ಸೋಪು ಹಾಕಿ ನೆನೆಸಿ ಚೆನ್ನಾಗಿ ಜಾಲಿಸಿ. ಉಟ್ಟು ಉಟ್ಟು ಮೆತ್ತಗಾದ ಹಳೇ ಪಂಚೆಗೆ ಈ ಯಾವ ರಗಳೆನೂ ಇಲ್ಲ.

ಈಗ ಟೇಪ್ ವಿಷಯ. ಮ್ಯಾಚಿಂಗ್ ಸೆಂಟರಲ್ಲೋ ಟೈಲರಿಂಗ್ ಸಾಮಾನಿನ ಅಂಗಡಿಯಲ್ಲೋ ಕೇಳಿದ್ರೆ ಸಿಗುತ್ತೆ, ಸೊಳ್ಳೆಪರದೆ ಥರ ತೂತು ತೂತಿರೋ ತೆಳು ಬಿಳಿ ಟೇಪು, ರೋಲಲ್ಲಿ ಬರುತ್ತೆ, ಬರೀ ಫ್ಯೂಸಿಂಗ್ ಅಂತ ಕೇಳಿದ್ರೆ ಕೆಲವು ಕಡೆ ಕಾಲರಿಗೆ ಹಾಕೋ ಕ್ಯಾನ್ವಾಸ್ ಕೊಟ್ಬಿಡ್ತಾರೆ, ಅದು ಒಂದೇ ಕಡೆ ಅಂಟೋದು, ನಮಗೆ ಬೇಕಾಗಿರೋದು ಎರಡೂ ಕಡೆ ಅಂಟೋದು, ಅದಕ್ಕೆ "ಹೊಲಿಗೆ ಇಲ್ದೆ ಪ್ಯಾಂಟ್ ಬಾಟಮ್ ಮಡಚಿ ಅಂಟಿಸ್ತಾರಲ್ಲ, ಆ ಟೇಪ್" ಅಂತ ಬಿಡಿಸಿ ಹೇಳಿ. 1 ಇಂಚು ಅಗಲದ್ದು ತಗೊಳಿ. ಅದು ಬಿಸಿಗೆ ಕರಗಿ ನೂಲಿನ ಸಂದಿಗೆ ಇಳಿದು ಆರಿದ್ಮೇಲೆ ಎರಡೂ ಪದರಾನ ಹಿಡ್ಕೊಳುತ್ತೆ.

ನಾನು ಮಾಡೋದು ಹೀಗೆ. ಮೇಜಿನ ಮೇಲೆ ಹಳೇ ಬೆಡ್‌ಶೀಟ್ ಹಾಸಿ, ಪಂಚೆಯ ಕತ್ತರಿಸಿದ ತುದಿಯನ್ನ ಒಂದಿಂಚು ಒಳಗಡೆ ಮಡಚಿ, ಬರೀ ಇಸ್ತ್ರಿ ಪೆಟ್ಟಿಗೆಯಲ್ಲಿ ಮಡಿಕೆ ಗೆರೆ ಬೀಳೋ ಹಾಗೆ ಒತ್ತಿಬಿಡ್ತೀನಿ. ಆಮೇಲೆ ಮಡಿಕೆ ಬಿಡಿಸಿ ಟೇಪನ್ನ ಒಳಗೆ ಇಡೋದು. ಇಲ್ಲಿ ಒಂದು ಸೂಕ್ಷ್ಮ ಇದೆ: ಟೇಪಿನ ಅಂಚು ಬಟ್ಟೆ ಕತ್ತರಿಸಿದ ಜಾಗದವರೆಗೆ ಸರಿಯಾಗಿ ಬಂದಿರ್ಬೇಕು, ಕೂದಲೆಳೆಯಷ್ಟೂ ಬಿಡಬಾರ್ದು, ಆಗ ಬಿಟ್ಕೊಳೋ ನೂಲುಗಳೆಲ್ಲ ಅಂಟಲ್ಲೇ ಸಿಕ್ಕಿ ನಿಂತುಬಿಡುತ್ತೆ. ಹೊರಗೆ ಇಣುಕಿದ್ರೂ ಕಷ್ಟ, ಇಸ್ತ್ರಿ ಪೆಟ್ಟಿಗೆ ತಳಕ್ಕೆ ಮೆತ್ಕೊಳುತ್ತೆ. ಮಡಿಕೆ ಮುಚ್ಚಿ, ಮೇಲೆ ಒಂದು ತೆಳು ಒದ್ದೆ ಬಟ್ಟೆ ಹಾಸಿ, ಪೆಟ್ಟಿಗೆಯನ್ನ ಇಟ್ಟು ಒತ್ತಿ ಹಿಡೀರಿ, 10-15 ಸೆಕೆಂಡು, ಚುಂಯ್ ಅನ್ನೋ ಸದ್ದು ನಿಂತು ಒದ್ದೆ ಬಟ್ಟೆ ಆ ಜಾಗದಲ್ಲಿ ಒಣಗೋವರೆಗೆ. ಉಜ್ಜಬೇಡಿ, ಉಜ್ಜಿದ್ರೆ ಕರಗಿದ ಟೇಪ್ ಒಳಗೇ ಜಾರಿ ಸೊಟ್ಟ ಆಗುತ್ತೆ. ಎತ್ತಿ, ಮುಂದಕ್ಕಿಟ್ಟು, ಹಿಂದಿನದ್ರ ಮೇಲೆ ಸ್ವಲ್ಪ ಬರೋ ಹಾಗೆ ಮತ್ತೆ ಒತ್ತಿ. ಪೂರ್ತಿ ಆರೋವರೆಗೆ ಎಳೆದು ನೋಡ್ಬೇಡಿ, ಬಿಸಿ ಇದ್ದಾಗ ಬಿಟ್ಕೊಂಡೇ ಬಿಡುತ್ತೆ, ಆರಿದ್ಮೇಲೆ ಉಗುರು ಹಾಕಿ ಎಳೆದ್ರೂ ಬರಲ್ಲ. ಸಿಂಥೆಟಿಕ್ ಆದ್ರೆ ಮೊದ್ಲು ಮೂಲೆಯಲ್ಲೊಂದು ತುಣುಕು ಅಂಟಿಸಿ ನೋಡಿ. ಹಳ್ಳಿ ಕಡೆಯವ್ರು ಸಂಜೆ ಹೊತ್ತು ಈ ಕೆಲಸಕ್ಕೆ ಕೂರಬೇಡಿ, ವೋಲ್ಟೇಜ್ ಇಳಿದ್ರೆ ಪೆಟ್ಟಿಗೆ ಬೆಚ್ಚಗಾಗುತ್ತೆ ಹೊರತು ಟೇಪ್ ಕರಗೋವಷ್ಟು ಕಾಯಲ್ಲ.

ಟೇಪೂ ಬೇಡ ಅನ್ನೋರಿಗೆ ಕುಚ್ಚು ಇದೆ. ತುದಿಯಿಂದ ನೂಲನ್ನ ಒಂದೊಂದೇ ಕಿತ್ತು ಎರಡಿಂಚು ಬಿಡಿಸಿ, ಉಳಿದ ಎಳೆಗಳನ್ನ ಚಿಕ್ಕ ಚಿಕ್ಕ ಗೊಂಚಲು ಮಾಡಿ ಬುಡಕ್ಕೆ ಬಿಗಿಯಾಗಿ ಗಂಟು ಹಾಕೋದು, ಅಲ್ಲಿಗೆ ನೂಲು ಬಿಡೋದು ನಿಲ್ಲುತ್ತೆ. ಟಿವಿ ನೋಡ್ತಾ ಮಾಡ್ಬಹುದು. ನಮ್ಮನೆ ಜಗಲಿ ಕಿಟಕಿಯದು ಅತ್ತೆ ಹಾಕಿದ ಕುಚ್ಚು, ಟೇಪಿಗಿಂತ ಅದೇ ಚಂದ.

ನೇತುಹಾಕೋಕೆ ಕ್ಲಿಪ್ ರಿಂಗ್. ಮೇಲಿನ ಅಂಚನ್ನ ಎರಡಿಂಚು ಹಿಂದಕ್ಕೆ ಮಡಚಿ ಇಸ್ತ್ರಿ ಮಾಡಿ, ಕ್ಲಿಪ್ಪಿನ ಹಲ್ಲು ಎರಡು ಪದರ ಹಿಡೀಬೇಕು, ಒಂದೇ ಪದರ ಆದ್ರೆ ತೆಳು ಬಟ್ಟೆ ಕ್ರಮೇಣ ಹರಿಯುತ್ತೆ. ಆರಾರು ಇಂಚಿಗೆ ಒಂದು, ಒಂದು ಪಂಚೆಗೆ 14 ಕ್ಲಿಪ್ ಬೇಕು. ಕಬ್ಬಿಣದ ಕ್ಲಿಪ್ ನಮ್ಮ ಕಡೆ ತುಕ್ಕು ಹಿಡಿದು ಬಟ್ಟೆ ಮೇಲೆ ಕಲೆ ಬಿಡುತ್ತೆ, ಸ್ಟೀಲ್ ಸಿಕ್ಕಿದ್ರೆ ಅದನ್ನೇ ತಗೊಳಿ, ಇಲ್ಲಾಂದ್ರೆ ಹಲ್ಲಿಗೆ ಬಣ್ಣ ಇಲ್ಲದ ನೇಲ್ ಪಾಲಿಶ್ ಬಳೀರಿ.

ರಾಡ್‌ಗೆ ನಾವು ದುಡ್ಡು ಖರ್ಚು ಮಾಡಿಲ್ಲ, ಒಣಗಿದ ವಾಟೆ ಕೋಲು, ಅಂದ್ರೆ ಒಂದು ಥರದ ತೆಳು ಬಿದಿರು. ಹಗುರ, ನೆಟ್ಟಗಿರುತ್ತೆ, ಗೆಣ್ಣು ಸವರಿ ಮರಳು ಕಾಗದದಲ್ಲಿ ಉಜ್ಜಿದ್ರೆ ರಿಂಗು ಸಲೀಸಾಗಿ ಓಡುತ್ತೆ. ಹಸಿ ಕೋಲು ಹಾಕಿದ್ರೆ ಕುಟ್ಟೆ ಹುಳ ಹಿಡಿದು ಕೆಳಗೆಲ್ಲ ಹಿಟ್ಟು ಉದುರುತ್ತೆ, ಒಲೆ ಮೇಲಿನ ಅಟ್ಟದಲ್ಲಿ ಹೊಗೆ ಕುಡಿದಿರೋ ಕೋಲು ಆದ್ರೆ ಆ ತಲೆನೋವು ಕಡಿಮೆ. ಮಣ್ಣಿನ ಗೋಡೆಯಲ್ಲಿ ಡ್ರಿಲ್ ಮಾಡಿ ಪ್ಲಗ್ ಹೊಡೆದ್ರೆ ನಿಲ್ಲಲ್ಲ, ಮಣ್ಣು ಉದುರಿ ತೂತು ದೊಡ್ಡದಾಗ್ತಾ ಹೋಗುತ್ತೆ. ಕಿಟಕಿ ಚೌಕಟ್ಟಿನ ಮೇಲ್ತುದಿಗೆ ಎರಡು ಪಕ್ಕ ನಿಲ್ಲೋ ಹಾಗೆ ಒಂದೊಂದು ಮರದ ಪಟ್ಟಿ ಸ್ಕ್ರೂ ಮಾಡಿ, ಆ ಪಟ್ಟಿಗೆ ಹುಕ್ ಹಾಕಿ ಕೋಲು ಕೂರಿಸಿದ್ವಿ, ನಮ್ಮನೆಯವ್ರು ಒಂದು ಮಧ್ಯಾಹ್ನ ಕೂತು ಮಾಡಿಕೊಟ್ರು. ಕೊಳ್ಳೋದಾದ್ರೆ ಸ್ಪ್ರಿಂಗ್ ವೈರ್ ಅಗ್ಗ, ಆದ್ರೆ 3 ಅಡಿ ದಾಟಿದ್ರೆ ನಡುವೆ ಜೋತುಬೀಳುತ್ತೆ.

ಮಗಳು ಶಿವಮೊಗ್ಗದಲ್ಲಿ ಓದ್ತಿದಾಳೆ, ಅವಳ ಬಾಡಿಗೆ ರೂಮಲ್ಲಿ ಗೋಡೆಗೆ ಒಂದು ಮೊಳೆನೂ ಹೊಡೆಯೋ ಹಾಗಿಲ್ಲ. ಅಂಟಿಸೋ ಹುಕ್ಕು ಸುಣ್ಣದ ಗೋಡೆಯಲ್ಲಿ ಸುಣ್ಣ ಸಮೇತ ಕಿತ್ತು ಬರುತ್ತೆ. ಅಲ್ಲಿಗೆ ಒಳಗೆ ಸ್ಪ್ರಿಂಗ್ ಇರೋ ರಾಡ್ ತಗೊಂಡ್ವಿ, ಕಿಟಕಿ ಗೂಡಿನ ಎರಡು ಗೋಡೆ ನಡುವೆ ತಿರುಗಿಸಿ ಬಿಗಿ ಮಾಡಿದ್ರೆ ಆಯ್ತು, ರೂಮ್ ಬಿಡೋವಾಗ ಬಿಚ್ಕೊಂಡು ಬರಬಹುದು. ಅದಕ್ಕೆ ತೆಳು ಬಟ್ಟೆ ಮಾತ್ರ, ಭಾರದ್ದು ಹಾಕಿದ್ರೆ ಜಾರುತ್ತೆ. ಅವಳ ಅಜ್ಜಿಯ ಒಂದು ವಾಯಿಲ್ ಸೀರೆಯ ತುಂಡು ಅಲ್ಲಿದೆ.

ಬಿಳಿ ಪಂಚೆ ಬಿಳಿಯಾಗೇ ಇದ್ರೆ ಕೆಂಪು ಧೂಳಿಗೆ ಬೇಗ ಕೊಳೆಯಾಗುತ್ತೆ ಅಂತ ಎರಡಕ್ಕೆ ಬಣ್ಣ ಹಾಕಿದೆ, ಅಡಿಕೆ ಚೊಗರಲ್ಲಿ, ಅಂದ್ರೆ ಅಡಿಕೆ ಬೇಯಿಸಿದ ನೀರಲ್ಲಿ. ಹೆಗ್ಗೋಡಿನ ಹತ್ರ ಭೀಮನಕೋಣೆಯ ಚರಕ ಅನ್ನೋ ಮಹಿಳಾ ಸಹಕಾರ ಸಂಘದವ್ರು ಕೈಮಗ್ಗದ ಬಟ್ಟೆಗೆ ಚೊಗರಿನ ಬಣ್ಣ ಹಾಕ್ತಾರಲ್ಲ, ಅದನ್ನ ನೋಡಿ ಬಂದ ಆಸೆ. ಅಡಿಕೆ ಗೊನೆ ಕೊಯ್ಯೋ ಕಾಲದಲ್ಲಿ ಅಡಿಕೆ ಬೇಯಿಸಿದ ಚೊಗರು ಮನೆಯಲ್ಲೇ ಇರುತ್ತೆ, ಬಟ್ಟೆಗೆ ಬಿದ್ರೆ ಹೋಗಲ್ಲ ಅನ್ನೋದು ಅಡಿಕೆ ಮನೆಯವ್ರಿಗೆಲ್ಲ ಗೊತ್ತು. ಒಗೆದು ಗಂಜಿ ತೆಗೆದ ಪಂಚೆಯನ್ನ ಪಟಿಕ ಕರಗಿಸಿದ ಬೆಚ್ಚಗಿನ ನೀರಲ್ಲಿ ರಾತ್ರಿ ನೆನೆಸಿಟ್ಟು, ಬೆಳಿಗ್ಗೆ ಹಿಂಡಿ, ನೀರು ಬೆರೆಸಿದ ಚೊಗರಲ್ಲಿ ಸಣ್ಣ ಉರಿಯಲ್ಲಿ ಒಂದು ಗಂಟೆ ಕಾಯಿಸಿ, ಅದ್ರಲ್ಲೇ ಆರೋಕೆ ಬಿಟ್ಟೆ. ಪಾತ್ರೆ ದೊಡ್ಡದಿರ್ಬೇಕು, ಬಟ್ಟೆ ಈಜಾಡ್ಬೇಕು, ಆಗಾಗ ಕೋಲಿಂದ ಮಗುಚ್ತಾ ಇರ್ಬೇಕು, ಇಲ್ಲಾಂದ್ರೆ ಪಟ್ಟೆ ಪಟ್ಟೆ ಬರುತ್ತೆ. ಕಬ್ಬಿಣದ ಪಾತ್ರೆ ಬೇಡ, ಬಣ್ಣ ಕಪ್ಪು ತಿರುಗುತ್ತೆ. ನೆರಳಲ್ಲಿ ಒಣಗಿಸಿ ಕೆಲವು ದಿನ ಬಿಟ್ಟು ಒಗೆದೆ. ಕೆಂಪು ಕಂದು ಬಣ್ಣ, ಮಣ್ಣಿನ ಗೋಡೆಗೆ ಎಷ್ಟು ಹೊಂದುತ್ತೆ ಅಂದ್ರೆ, ಮಧ್ಯಾಹ್ನ ಬಿಸಿಲು ಬಿದ್ದಾಗ ಇಡೀ ಕೋಣೆಗೇ ಆ ಬಣ್ಣ ಬರುತ್ತೆ. ಬಣ್ಣ ಹಾಕೋದಿದ್ರೆ ಟೇಪ್ ಅಂಟಿಸೋಕೆ ಮುಂಚೆನೇ ಹಾಕ್ಬೇಕು, ಆಮೇಲೆ ಕಾಯಿಸಿದ್ರೆ ಅಂಟು ಬಿಡುತ್ತೆ.

ಇನ್ನು ಮಳೆಗಾಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಜಾಸ್ತಿ ಸುರಿಯುತ್ತೆ, ನಮ್ಮಲ್ಲಿ ಅಷ್ಟಿಲ್ಲ, ಆದ್ರೂ ಆಷಾಢದಲ್ಲಿ ವಾರಗಟ್ಟಲೆ ಬಿಸಿಲು ಕಾಣಲ್ಲ. ಬೂಷ್ಟು ಮೊದ್ಲು ಶುರುವಾಗೋದು ಬಟ್ಟೆ ಗೋಡೆಗೆ ತಾಗಿರೋ ಜಾಗದಲ್ಲಿ. ಅದಕ್ಕೆ ಕೋಲು ಗೋಡೆಯಿಂದ ಎರಡು ಮೂರು ಇಂಚು ಮುಂದೆ ಇರೋ ಹಾಗೆ ನೋಡ್ಕೊಳಿ, ಹಗಲು ಹೊತ್ತು ಕರ್ಟನ್ನ ನಡುವಿಗೆ ಸರಿಸಿ ಕಟ್ಟಿಡಿ. ಮೇ ತಿಂಗಳ ಕೊನೆಗೆ ಎಲ್ಲ ಬಿಚ್ಚಿ ಒಗೆದು ಬಿಸಿಲಲ್ಲಿ ಗರಿಗರಿ ಒಣಗಿಸಿ, ದಪ್ಪದ್ದನ್ನ ಒಳಗಿಟ್ಟು ತೆಳುವಾದದ್ದನ್ನ ಮಾತ್ರ ಮತ್ತೆ ಹಾಕ್ತೀನಿ. ಒಗೆಯೋದು ತಣ್ಣೀರಲ್ಲಿ, ಕೈಯಲ್ಲಿ, ಕಲ್ಲಿಗೆ ಬಡಿಯೋ ಹಾಗಿಲ್ಲ. ಒಗೆದ್ಮೇಲೆ ಮೂಲೆಯಲ್ಲಿ ಟೇಪ್ ಸ್ವಲ್ಪ ಬಾಯಿ ಬಿಟ್ಟಿದ್ರೆ ಬಟ್ಟೆ ಒಣಗಿದ್ಮೇಲೆ ಒದ್ದೆ ಬಟ್ಟೆ ಇಟ್ಟು ಇನ್ನೊಂದ್ಸಲ ಇಸ್ತ್ರಿ ಒತ್ತಿ, ಅದೇ ಅಂಟು ಮತ್ತೆ ಕರಗಿ ಹಿಡ್ಕೊಳುತ್ತೆ, ಹಿಡಿಯದಿದ್ರೆ ಅಷ್ಟು ಜಾಗಕ್ಕೆ ಮಾತ್ರ ಹೊಸ ತುಂಡು ಇಡಿ.