ಗೂಡಿನ ದುಂಬಿ: ಅಟರ್ ಯಾವುದು, ಮ್ಯಾಕುಲೇಟಸ್ ಯಾವುದು?

ಮಂಡ್ಯ, ಮೈಸೂರು ಕಡೆ ರೇಷ್ಮೆ ಬಿತ್ತನೆ ಕೋಠಿಗಳಲ್ಲಿ (ರೇಷ್ಮೆಹುಳುವಿನ ಮೊಟ್ಟೆ ತಯಾರಿಸುವ ಕಡೆ) ಚಿಟ್ಟೆ ಹೊರಬಂದು ಒಡೆದ ಗೂಡಿನ ಮೂಟೆ ಬಿಚ್ಚಿದರೆ ಕಾಣುವ ಡರ್ಮೆಸ್ಟಿಸ್ ಕುಲದ ದುಂಬಿಗಳನ್ನು ಬಣ್ಣ ನೋಡಿ ಹೆಸರಿಸಬೇಡಿ; ಅಟರ್, ಮ್ಯಾಕುಲೇಟಸ್, ಫ್ರಿಷಿ ಈ ಕುಲದ ಜಾತಿಗಳು. ಆಗಷ್ಟೇ ಹೊರಬಂದದ್ದು ಯಾವ ಜಾತಿಯದಾದರೂ ಕಂದಾಗಿಯೇ ಇರುತ್ತದೆ.

ದುಂಬಿಯನ್ನು ಶೇ. 70ರ ಆಲ್ಕೋಹಾಲಿನಲ್ಲಿ ಸಾಯಿಸಿ, ಒರೆಸುವ ಕಾಗದದ ಮೇಲೆ ಪೂರ್ತಿ ಒಣಗಿಸಿ. ಒದ್ದೆಯಿದ್ದರೆ ರೋಮ ಅಂಟಿಕೊಂಡು ಬಿಳಿಯೂ ಕಪ್ಪಾಗಿ ಕಾಣುತ್ತದೆ; ಹೆಚ್ಚಿನವರು ಎಡವುವುದು ಇಲ್ಲೇ. ಆಮೇಲೆ ಮಗುಚಿ, 10 ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸ್ ಹಿಡಿಯಿರಿ. ಹೊಟ್ಟೆಯ ತುಂಬ ಬಿಳಿ ರೋಮ, ಅಂಚಿನಲ್ಲಿ ಕಪ್ಪು ಮಚ್ಚೆ ಇದ್ದರೆ ಮ್ಯಾಕುಲೇಟಸ್ ಅಥವಾ ಫ್ರಿಷಿ. ರೋಮ ಹಳದಿಗಂದಾಗಿದ್ದರೆ ಬಹುತೇಕ ಅಟರ್.

ಮ್ಯಾಕುಲೇಟಸ್, ಫ್ರಿಷಿ ಎರಡನ್ನು ಬೇರ್ಪಡಿಸಲು ಮೇಲ್ರೆಕ್ಕೆಗಳ ತುದಿಯನ್ನು ಹಿಂದಿನಿಂದ ನೋಡಿ. ಎರಡು ರೆಕ್ಕೆ ಕೂಡುವಲ್ಲಿ ಪುಟ್ಟ ಮುಳ್ಳು, ಅದರ ಪಕ್ಕದ ಅಂಚಿಗೆ ಗರಗಸದಂಥ ಸಣ್ಣ ಹಲ್ಲು ಇದ್ದರೆ ಮ್ಯಾಕುಲೇಟಸ್, ನುಣುಪಾಗಿದ್ದರೆ ಫ್ರಿಷಿ. ಧೂಳು ಕೂತರೆ ಮುಳ್ಳು ಮರೆಯಾಗುತ್ತದೆ, ಮೆತ್ತನೆಯ ಕುಂಚದಿಂದ ಮೊದಲು ಸವರಿ.

ರೋಮ ಉದುರಿದ ಹಳೇ ದುಂಬಿಯೇ? ಗಂಡಾದರೆ ಹೊಟ್ಟೆಯ ನಡುವೆ ರೋಮದ ಕುಚ್ಚುಳ್ಳ ಕುಳಿ ಹುಡುಕಿ: ಅಟರ್‌ಗೆ ಹೊಟ್ಟೆಯ ಅಡಿಯಲ್ಲಿ ಕಾಣುವ 3 ಮತ್ತು 4ನೇ ಅಡ್ಡ ಪಟ್ಟಿಗಳಲ್ಲಿ ಒಂದೊಂದು, ಮ್ಯಾಕುಲೇಟಸ್‌ಗೂ ಫ್ರಿಷಿಗೂ 4ನೇ ಪಟ್ಟಿಯಲ್ಲಿ ಮಾತ್ರ. ಹೆಣ್ಣಿಗೆ ಕುಳಿಯೇ ಇಲ್ಲ. ಹಾಗಾಗಿ ಒಂದೇ ದುಂಬಿ ನಂಬದೆ ಹತ್ತಾರು ಹಿಡಿಯಿರಿ.